ಕ್ವಿಂಟಲ್ ಪೈಲ್ವಾನ

ಹತ್ತು ಕೆಜಿಯ ಬೆಲ್ಲದ ಪೆಂಟೆಗಳಲ್ಲಿ ಆರನೆಯದು ಇಟ್ಟಿದ್ದೇ ತಡ, ಭೀಮರಾಜ ಕುಳಿತಿದ್ದ ತಕ್ಕಡಿಯ ತಟ್ಟೆ ನೆಲ ಬಿಟ್ಟು ಎದ್ದಿತು. ಎರಡೂ ಕಡೆ ಸಮ. ಕೂಡ್ಲಿಗಿ ಬಸ್ ನಿಲ್ದಾಣದ ಎದುರಿನ ಶಾಮಿಯಾನದಲ್ಲಿ ಸೇರಿದ್ದ ಜನ, ಚಪ್ಪಾಳೆ ತಟ್ಟಲೋ ಬೇಡವೋ ಎಂದು ಪಾಲಾಕ್ಷಪ್ಪನವರ ಮುಖ ನೋಡಿದರು. ತುಲಾಭಾರದ ದಾನಿ, ಮೆಕ್ಕೆಜೋಳದ ವ್ಯಾಪಾರಿ, ಬರುವ ಚುನಾವಣೆಯ ಟಿಕೆಟ್ ಆಕಾಂಕ್ಷಿಯಾದ ಅವರ ಮುಖ ಕಪ್ಪಿಟ್ಟಿತ್ತು. ಪಕ್ಕದಲ್ಲಿ ಇನ್ನೂ ನಾಲ್ಕು ಪೆಂಟೆ ಉಳಿದಿದ್ದವು.

“ಏನಲೇ ಇದು? ಅಂತಾರಾಷ್ಟ್ರೀಯ ಪೈಲ್ವಾನನ್ನ ಕ್ವಿಂಟಲ್ ಬೆಲ್ಲದಾಗ ತೂಗ್ತೀವಿ ಅಂತ ಊರ ತುಂಬ ಆಟೋದಾಗ ಕೂಗಿಸೀನಿ. ನೀ ನೋಡಿದ್ರ ಅರವತ್ತಕ್ಕ ಎದ್ದು ನಿಂತಿ!”

“ನನ್ನ ವಿಭಾಗಾನ ಅರವತ್ತು ಕೆಜಿದು ರೀ, ಸಾವ್ಕಾರ್ರ.”

ಭೀಮರಾಜನಿಗೆ ಒಳಗೊಳಗೇ ಹಿಗ್ಗು. ನಿನ್ನೆಯಿಂದ ಅನ್ನ ಮುಟ್ಟಿರಲಿಲ್ಲ, ಇವತ್ತು ನೀರನ್ನೂ. ನಾಳೆ ಬೆಳಗ್ಗೆ ಬೆಂಗಳೂರಿನಲ್ಲಿ ಭಾರತ ತಂಡದ ಆಯ್ಕೆ. ಕುಸ್ತಿಗೂ ಮೊದಲು ತೂಕ. ಹೋದ ವರ್ಷ ಒಂದು ಲೋಟ ಮಜ್ಜಿಗೆಯಷ್ಟು ಹೆಚ್ಚು ತೂಗಿದ್ದಕ್ಕೆ, ಪರದೇಶದ ಬಿಷ್ಕೆಕ್‌ನಲ್ಲಿ ಗೆದ್ದ ಕಂಚಿನ ಪದಕಕ್ಕೂ ಬೆಲೆ ಕೊಡದೆ ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ಈ ಸಲವೂ ತಪ್ಪಿದರೆ ಮತ್ತೆ ಕರೆಯುವವರಿಲ್ಲ. ಬಸ್ಸಿಗೆ ಇನ್ನೂ ಹೊತ್ತಿದೆ, ಹಿರಿಯರು ಕರೆದಿದ್ದಾರೆ, ತಕ್ಕಡಿಯಲ್ಲಿ ಕೂತು ಇಳಿದರಾಯಿತು ಎಂದುಕೊಂಡು ಬಂದಿದ್ದ. ಪಾಪ, ಕುಸ್ತಿ ಗೊತ್ತಿದ್ದವನಿಗೆ ಸನ್ಮಾನ ಗೊತ್ತಿರಲಿಲ್ಲ.

“ಅದೆಂಥದೋ ಗ್ರೀಕೋ-ರೋಮನ್ ಅಂತಾರಲ್ಲ, ಅದರಾಗ ಏನ್ ಮಾಡ್ತೀರಿ?” ಹೊತ್ತು ಕಳೆಯಲು ಪಾಲಾಕ್ಷಪ್ಪ ಮೈಕಿನಲ್ಲೇ ಕೇಳಿದರು.

“ಸೊಂಟದ ಮ್ಯಾಲಷ್ಟೇ ಪಟ್ಟು ರೀ. ಕಾಲು ಹಿಡಿಯಂಗಿಲ್ಲ.”

“ಕಾಲು ಹಿಡೀಲಾರ್ದ ಮ್ಯಾಲ ಬರಾಕ ಹೊಂಟೀಯೇನು? ಅದಕ್ಕ ನೋಡು ಹಿಂಗ ಒಣಗೀದಿ!”

ಜನ ಬಿದ್ದು ಬಿದ್ದು ನಕ್ಕರು. ನಗು ನಿಲ್ಲುವಷ್ಟರಲ್ಲಿ ತಟ್ಟೆ ತುಂಬ ಲಾಡು, ಚೊಂಬು ತುಂಬ ಬಾದಾಮಿ ಹಾಲು ಬಂತು. ಪಾಲಾಕ್ಷಪ್ಪನವರು ಮಾಲು ತೂಗಿ ಬದುಕಿದವರು. ತೂಕ ಬಾರದ ಚೀಲಕ್ಕೆ ಇನ್ನಷ್ಟು ತುಂಬುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ತಿನ್ನು, ಕುಡಿ. ಎಪ್ಪತ್ತಕ್ಕರ ಬಾ, ಉಳಿದದ್ದಕ್ಕ ಹಾರ ಹಾಕಿಸ್ತೀನಿ.”

“ಬ್ಯಾಡ್ರೀ. ನಾಳೆ ತೂಕ ಐತಿ. ಒಂದು ಗುಟುಕು ಹೆಚ್ಚಾದ್ರೂ ಮನಿಗಿ ಕಳಸ್ತಾರ.”

“ಹುಚ್ಚಪ್ಪ! ತೂಕ ಹೆಚ್ಚಾದ್ರ ಯಾರರ ಮನಿಗಿ ಕಳಸ್ತಾರೇನು?”

ಎಡಗೈಯಿಂದ ಅವನ ಕುತ್ತಿಗೆ ಬಳಸಿ ಹಿಡಿದು, ಬಲಗೈಯ ಲಾಡನ್ನು ತುಟಿಗೆ ಒತ್ತಿದರು. ಕಜಕಿಸ್ತಾನದವರ, ಇರಾನಿನವರ ಹಿಡಿತ ಬಿಡಿಸಿಕೊಂಡು ಬಂದವನಿಗೆ ಈ ಅಭಿಮಾನದ ಹಿಡಿತ ಬಿಡಿಸಿಕೊಳ್ಳಲಾಗಲಿಲ್ಲ. ಹಾಲಿನ ವಾಸನೆಗೆ ಹಾಳಾದ ಹೊಟ್ಟೆ ಬೇರೆ ಕೂಗಿತು. “ತಿನ್ನೋ! ತಿನ್ನೋ!” ಎಂದು ಜನವೂ ಕೂಗಿದರು. ಹಲ್ಲು ಕಚ್ಚಿ ಕೂತ ಭೀಮರಾಜನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಅಳಲೂ ಮೈಯಲ್ಲಿ ನೀರಿರಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಬಸ್ಸು ನಿಲ್ದಾಣಕ್ಕೆ ಬಂದು ಹಾರ್ನ್ ಹೊಡೆಯಿತು. ಭೀಮರಾಜ ಲಾಡಿನಿಂದ ಮುಖ ಕಿತ್ತುಕೊಂಡ.

“ಸಾವ್ಕಾರ್ರ, ಕೂಗಿಸಿದ ಬೆಲ್ಲ ಉಳಿಸಬಾರದು ರೀ. ಕ್ವಿಂಟಲ್ ತೂಗೋ ಗಂಡಸು ಈ ಊರಾಗ ನಿಮ್ಮನ್ನ ಬಿಟ್ಟು ಯಾರದಾರ? ನೀವ ಕುಂದರ್ರಿ.”

ಕುತ್ತಿಗೆಯ ಹಿಡಿತ ಸಡಿಲಾಯಿತು. “ಛೇ ಛೇ, ನಾನೆಂಥದು” ಎಂದರು ಪಾಲಾಕ್ಷಪ್ಪ. “ಸನ್ಮಾನ ನಿಂದಲ್ಲೇನಪಾ” ಎಂದರು. “ಜನ ಏನಂತಾರ?” ಎನ್ನುವಾಗ ಅವರ ಒಂದು ಕಾಲು ಆಗಲೇ ತಟ್ಟೆಯೊಳಗಿತ್ತು. ಜನ ಏನೂ ಅನ್ನಲಿಲ್ಲ, ಶಿಳ್ಳೆ ಹೊಡೆದರು. ಹಾರ ಬಂತು, ಪೇಟ ಬಂತು, ಫೋಟೋದವರು ಮುಂದೆ ಬಂದರು. ಹತ್ತನೆಯ ಪೆಂಟೆ ಇಟ್ಟರೂ ತಟ್ಟೆ ಕದಲಲಿಲ್ಲ. ಬೆಲ್ಲ ಸಾಲದೆ ಇನ್ನಷ್ಟು ತರಲು ಅಂಗಡಿಗೆ ಓಡಿದರು.

ಭೀಮರಾಜ ಚೀಲ ಹೆಗಲಿಗೇರಿಸಿ ರಸ್ತೆ ದಾಟಿದ. ಯಾರೂ ತಡೆಯಲಿಲ್ಲ, ಯಾರೂ ನೋಡಲೂ ಇಲ್ಲ. ಅವನು ಬಸ್ಸು ಹತ್ತುವಾಗ ಕಂಡಕ್ಟರು ಬಾಗಿಲಲ್ಲಿ ನಿಂತು ಶಾಮಿಯಾನದ ಕಡೆ ಇಣುಕುತ್ತಿದ್ದ.

“ಏನ್ ತಮ್ಮಾ ಅಲ್ಲಿ ಗದ್ಲ?”

“ಯಾರೋ ಅಂತಾರಾಷ್ಟ್ರೀಯ ಪೈಲ್ವಾನ್ರಂತ ರೀ. ತೂಗಾಕತ್ತಾರ.”

ಕಂಡಕ್ಟರು ತಕ್ಕಡಿಯಲ್ಲಿ ಕುಳಿತ ಪಾಲಾಕ್ಷಪ್ಪನವರನ್ನು ಮನದಣಿಯೆ ನೋಡಿದ. ಆಮೇಲೆ ಭೀಮರಾಜನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಟಿಕೆಟ್ ಕೊಟ್ಟ.

“ಪೈಲ್ವಾನ ಅಂದ್ರ ಹಂಗಿರ್ಬೇಕು ನೋಡು! ನೀನೂ ಅದಿ. ಒಂದೀಟು ಉಂಡು ತಿಂದು ಮೈ ಬೆಳಸಲೇ, ಗಂಡಸಾಗಿ ಹುಟ್ಟೀದಿ.”