ಪಂಪಿಲ್ಲದ ನಾಳ

ಹೊರರೋಗಿಗಳ ಸಾಲಿನಲ್ಲಿ ಬಂದು ಕೂತ ಹೆಂಗಸಿನ ಆನೆಕಾಲು ಕಂಡು, ದವಾಖಾನೆಯ ದೊಡ್ಡ ಡಾಕ್ಟರಿಗೆ ಕರುಳು ಚುರುಕ್ಕೆಂದಿತು.

“ರಕ್ತನಾಳಕ್ಕ ಹೃದಯ ಅನ್ನೋ ಪಂಪ್ ಐತಿ, ಯವ್ವಾ. ಅದರ ಪಕ್ಕ ದುಗ್ಧನಾಳ ಅಂತ ಇನ್ನೊಂದೈತಿ, ಅದಕ್ಕ ಪಂಪ್ ಇಲ್ಲ. ರಕ್ತನಾಳ ಸೋರಿಸಿದ ನೀರನ್ನ ಸುಮ್ಮನ ಬಳಿದು ವಾಪಸ್ ಮುಟ್ಟಿಸ್ತದ. ನಿನ್ನ ಕಾಲಾಗ ಅದೇ ಕಟ್ಟೇತಿ. ನೀರಾಗ ನಿಂತು ದುಡೀತೀನಿ ಅಂದಿಯಲ್ಲ, ಒಂದು ತಿಂಗಳು ಅದನ್ನ ಬಿಡು.”

“ರಜಾ ಕೊಡಂಗಿಲ್ರೀ. ಮೂರು ಸಲ ಅರ್ಜಿ ಹಾಕೀನಿ. ಮೂರೂ ಸಲ ಆಗಂಗಿಲ್ಲ ಅಂತ ಬರದು ಸಹಿ ಮಾಡ್ಯಾರ.”

ಡಾಕ್ಟರಿಗೆ ಮೈಯೆಲ್ಲ ಉರಿದುಹೋಯಿತು. “ಯಾವ ಕಲ್ಲೆದೆಯವ ಅಂವ? ಹೆಸರು ಹೇಳು, ಈಗ ಫೋನ್ ಹಚ್ಚಿ ಬೆವರಿಳಿಸ್ತೀನಿ.”

ಅವಳು ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡಳು. ಆ ಕಣ್ಣುಗಳನ್ನು ಎಲ್ಲೋ ಕಂಡಂತಾಯಿತು ಅವರಿಗೆ.

“ನೀವೇರೀ ಸಾಹೇಬ್ರ. ಹನ್ನೊಂದು ವರ್ಷದಿಂದ ಇದೇ ದವಾಖಾನಿ ಸಂಡಾಸ ತೊಳಿಯಾಕಿ ನಾನು.”