ಹೆರಿಗೆ ಕೋಣೆಯ ಮಾತು

“ಮದಲ, ಬ್ಯಾನಿ ತಿನ್ನೋ ಹೆಂಗಸಿಗೆ ಹೊಡೀಬಾರದು ಅಂತ ಕಲಸ್ರಿ,” ಎಂದಳು ಹುಲಗೆಮ್ಮ.

ಗಂಗಾವತಿಯ ತರಬೇತಿ ಕೇಂದ್ರದ ಸಭಾಂಗಣದಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. ಹೆರಿಗೆ ಮಾಡಿಸುವ ದಾದಿಯರ ಪಠ್ಯಕ್ರಮವನ್ನು ತಿದ್ದಿ ಹೊಸದಾಗಿ ಬರೆಯುವ ಕೆಲಸ ಆರು ತಿಂಗಳಿಂದ ನಡೆದಿತ್ತು. ಅಚ್ಚಿಗೆ ಕಳಿಸುವ ಮುನ್ನ ಹೆತ್ತ ತಾಯಂದಿರ ಮಾತನ್ನೂ ಒಮ್ಮೆ ಕೇಳಬೇಕೆಂದು ಹಟ ಹಿಡಿದವಳು ಹಿರಿಯ ಬೋಧಕಿ ಲಲಿತಾ. ಕೇಳಿಸಿಕೊಳ್ಳಲಿ ಎಂದು ನಲವತ್ತು ಜನ ವಿದ್ಯಾರ್ಥಿನಿಯರನ್ನೂ ಹಿಂದೆ ಕೂರಿಸಿದ್ದಳು. ಹಳ್ಳಿಗಳಿಂದ ಬಂದ ಹೆಂಗಸರಲ್ಲಿ ಏಳು ಮಂದಿ “ಎಲ್ಲಾ ಛಲೋ ಐತ್ರಿ” ಎಂದಷ್ಟೇ ಹೇಳಿ ಕುಂತಿದ್ದರು. ನವಲಿಯ ಹುಲಗೆಮ್ಮ ಎಂಟನೆಯವಳು.

ಲಲಿತಾ ನಕ್ಕಳು. “ಅದಕ್ಕ ಒಂದು ಹೊಸಾ ಪಾಠನ ಬರದೇವ್ರಿ. ತಾಯಿ ಕೂಡ ಹೆಂಗ ಮಾತಾಡಬೇಕು, ಹೆಂಗ ಮುಟ್ಟಬೇಕು, ಎಲ್ಲಾ ಐತಿ.” ಆ ಪಾಠವನ್ನು ಅವಳೇ ಕೂತು ಬರೆದಿದ್ದಳು. “ನಿಮಗ ಯಾರು ಹೊಡದಿದ್ರು? ಆಯಾ ಏನು?”

“ಅಲ್ರೀ ಅಕ್ಕೋರ. ನೀವ.”

ಪಕ್ಕದಲ್ಲಿದ್ದ ಬೋಧಕಿ ಜಾಸ್ಮೀನ ಅರ್ಧ ಎದ್ದಳು. “ಯಮ್ಮಾ, ಎಷ್ಟೋ ಮಂದಿ ಸಿಸ್ಟರ್ ಇರ್ತಾರ. ನಿನಗ ನೆನಪು ತಪ್ಪಿರಬೇಕು.”

“ತಪ್ಪಿದ್ರ ಛಲೋ ಇತ್ತು,” ಎಂದಳು ಹುಲಗೆಮ್ಮ. “ಅಕ್ಕೋರ ಹುಬ್ಬಿನ ಮ್ಯಾಲಿನ ಆ ಮಚ್ಚಿ ನೋಡಕೋಂತನ ನಾನು ಹಡದೇನಿ.”

ಲಲಿತಾಳ ಕೈ ತಾನಾಗಿ ಹುಬ್ಬಿಗೆ ಹೋಯಿತು. ಹುಲಗೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬಂತೆಂದು ಹೇಳುವವಳ ಹಾಗೆ ಹೇಳಿದಳು: “ಇಪ್ಪತ್ತು ವರ್ಷಾತ್ರಿ, ಆಗ ನೀವು ದವಾಖಾನ್ಯಾಗ ಸಿಸ್ಟರ್ ಇದ್ರಿ. ಚೊಚ್ಚಲ ಹೆರಿಗಿ, ತಡಕೊಳ್ಳಾಕ ಆಗದ ಚೀರಾಕತ್ತಿದ್ನಿ. ತೊಡಿ ಮ್ಯಾಲ ಎರಡು ಬಾರಿಸಿದ್ರಿ. ಅದು ಹೋಗ್ಲಿ, ಬಾವು ಇಳೀತು. ಆದ್ರ ಒಂದು ಮಾತಂದ್ರಿ ನೋಡ್ರಿ. ಗಂಡನ ಮಗ್ಗಲಿಗೆ ಹೋಗುವಾಗ ನಕ್ಕೋಂತ ಹೋಗಿದ್ದಿ, ಈಗ್ಯಾಕ ಚೀರ್ತಿ ಅಂದ್ರಿ. ಬಾಗಲದಾಗ ನಮ್ಮತ್ತಿ, ನಮ್ಮ ಮಾವ ನಿಂತಿದ್ರು. ಇಬ್ಬರಿಗೂ ಕೇಳ್ತು.”

ಲಲಿತಾ ಎದುರಿಗಿದ್ದವಳ ಮುಖವನ್ನು ಮತ್ತೆ ಮತ್ತೆ ನೋಡಿದಳು. ಆ ಮುಖ ನೆನಪಿಗೆ ಬರಲಿಲ್ಲ. ಹೊಡೆದದ್ದೂ ನೆನಪಿರಲಿಲ್ಲ. ಆದರೆ ಆ ಮಾತು ತನ್ನದೇ ಎಂಬುದರಲ್ಲಿ ಅವಳಿಗೆ ಒಂದಿಷ್ಟೂ ಅನುಮಾನ ಉಳಿಯಲಿಲ್ಲ. ತಾನು ಕಲಿಯುವಾಗ ದೊಡ್ಡ ಸಿಸ್ಟರ್ ಬಾಯಲ್ಲಿ ಮೊದಲ ಸಲ ಅದನ್ನು ಕೇಳಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಅದೇ ಮಾತು ತನ್ನ ಬಾಯಿಗೆ ಯಾವಾಗ ಬಂತು? ಎಷ್ಟು ಜನರಿಗೆ ಅಂದೆ?

“ತಪ್ಪಾತ್ರಿ,” ಎಂದಳು. ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

“ತಪ್ಪು ಒಪ್ಪಿಸಾಕ ಬಂದಿಲ್ರಿ ನಾನು.” ಹುಲಗೆಮ್ಮ ಪಕ್ಕದಲ್ಲಿ ಕುಂತಿದ್ದ ತುಂಬು ಬಸುರಿಯ ಭುಜ ಮುಟ್ಟಿದಳು. “ಆವತ್ತು ಹುಟ್ಟಿದಾಕಿನ ಈಕಿ, ರೂಪಾ. ಈಗ ಎಂಟು ತಿಂಗಳಾಗ ಅದಾಳ. ಬಿಪಿ ಭಾಳ ಐತಿ, ಮನ್ಯಾಗ ಹಡದ್ರ ಜೀವಕ್ಕ ಕುತ್ತು ಅಂತ ಡಾಕ್ಟರ್ ಹೇಳ್ಯಾರ. ಈಕಿ ನೋಡಿದ್ರ ದವಾಖಾನಿಗೆ ಬರಾಂಗಿಲ್ಲ ಅಂತಾಳ. ನಾನ ನನ್ನ ಕಥಿ ಹೇಳಿ ಕೆಡಿಸೀನಿ. ಈಗ ಆ ಮಾತು ಯಾರೂ ಆಡಾಂಗಿಲ್ಲ ಅಂತ ನೀವು ಈಕಿ ಮುಂದ ಒಂದು ಮಾತು ಹೇಳಿಬಿಡ್ರಿ. ನಾಳೇನ ಕರಕೊಂಡು ಬರ್ತೀನಿ.”

ರೂಪಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಲಲಿತಾಳನ್ನೇ ನೋಡುತ್ತಿದ್ದಳು. ‘ಹೇಳಿಬಿಡಿ’ ಎಂಬಂತೆ ಜಾಸ್ಮೀನ ಮೊಣಕೈ ತಾಗಿಸಿದಳು. ಹೇಳುವುದು ಕಷ್ಟವೇನಿರಲಿಲ್ಲ. ಆದರೆ ಅದು ನಿಜವೋ ಅಲ್ಲವೋ ಲಲಿತಾಳಿಗೇ ಗೊತ್ತಿರಲಿಲ್ಲ. ಕುರ್ಚಿ ಸರಿಸಿ ಎದ್ದು ವಿದ್ಯಾರ್ಥಿನಿಯರ ಕಡೆ ತಿರುಗಿದಳು.

“ಹುಡುಗ್ಯಾರ, ಯಾರಿಗೂ ಬೈಯಾಂಗಿಲ್ಲ, ಯಾರ ಮಾರ್ಕ್ಸೂ ಕಡಿಮಿ ಮಾಡಾಂಗಿಲ್ಲ. ಖರೇ ಹೇಳ್ರಿ. ಈಗ ಕೇಳಿದ್ರೆಲ್ಲ, ಆ ಮಾತನ್ನ ನಿಮ್ಮೊಳಗ ಯಾರ್‍ಯಾರು ಆಡೀರಿ?” ಎಂದು ತನ್ನ ಕೈಯನ್ನು ತಾನೇ ಮೊದಲು ಎತ್ತಿದಳು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಸಾಲಿನಲ್ಲಿ ಖುಷ್ಬು ಕೈ ಎತ್ತಿದಳು. ಹೊಸ ಪಾಠವನ್ನು ಅಚ್ಚಿಗೆ ಮುನ್ನವೇ ಕಲಿಸಿ ಕೊಟ್ಟ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತಗೊಂಡವಳು ಅವಳೇ.

“ನೀನು?” ಎಂದಳು ಲಲಿತಾ. “ನಿನಗ ಯಾರು ಕಲಿಸಿದ್ರು?”

“ಯಾರೂ ಕಲಿಸಿಲ್ರಿ ಮೇಡಂ.” ಖುಷ್ಬು ಎದ್ದು ನಿಂತಳು. “ಹೆರಿಗೆ ಕೋಣ್ಯಾಗ ಎಲ್ಲಾರೂ ಅಂತಾರ್ರಿ. ಹಂಗಂದ್ರ ಹೆಂಗಸರು ಜೋರು ಹಾಕಿ ಲಗೂನ ಹಡೀತಾರ ಅಂತ ತಿಳಕೊಂಡು ನಾನೂ ಅಂದೀನ್ರಿ.”

ಅವಳ ಪಕ್ಕದವಳು ತಲೆ ತಗ್ಗಿಸಿಕೊಂಡೇ ಕೈ ಎತ್ತಿದಳು. ಆಮೇಲೆ ಅವಳ ಹಿಂದಿನವಳು. ಆಮೇಲೆ ಒಂದು ಸಾಲಿಗೆ ಸಾಲೇ. ಹುಲಗೆಮ್ಮ ಮಗಳ ಕಣ್ಣಿಗೆ ಸೆರಗು ಅಡ್ಡ ಹಿಡಿಯಲು ಹೋದಳು. ರೂಪಾ ಅದನ್ನು ಸರಿಸಿ ನೋಡುತ್ತಲೇ ಇದ್ದಳು.

ಕೊನೆಗೆ ಮೂರು ಹುಡುಗಿಯರು ಮಾತ್ರ ಕೈ ಎತ್ತದೆ ಕುಂತಿದ್ದರು. ಮೂವರೂ ಹೋದ ವಾರವಷ್ಟೇ ಸೇರಿದವರು. ಹೆರಿಗೆ ಕೋಣೆಯೊಳಗೆ ಅವರು ಇನ್ನೂ ಕಾಲಿಟ್ಟಿರಲಿಲ್ಲ.