ಬೇರೆ ಕೈಯ ಕಲಾಯಿ

"ಈ ಸಲ ಬೇಡ ಹಮ್ಮಣ್ಣ. ಕಲಾಯಿ ಹಾಕ್ಸಿ ಆತು."

ಹೊನ್ನಾವರದ ಸುಮತಿ ಹಿತ್ತಾಳೆಯ ಚೆರಿಗೆ ಬಾಗಿಸಿ ತೋರಿಸಿದಳು. ಒಳಗೆ ಹಮ್ಮನ ಮುಖ ಮೀಸೆ ಸಮೇತ ಹೊಳೆಯಿತು. ಎಲ್ಲೂ ಒಂದು ಕಪ್ಪು ಕಲೆಯಿಲ್ಲ. ಅವನ ಹೊಟ್ಟೆಗೆ ಕೆಂಡ ಬಿತ್ತು.

"ಯಾರವ?"

"ಯಾರಾದ್ರೆ ಎಂತ? ಚಲೋ ಕೈ. ನಿನ್ನ ಹಾಗೆ ಬೀಡಿ ಸೇದ್ತಾ ಅರ್ಧ ದಿನ ಕೂರೂದೂ ಇಲ್ಲ."

ಇದು ಮೊದಲನೆಯ ಮನೆಯಲ್ಲ. ಜ್ವರದಿಂದ ಎದ್ದ ಮೇಲೆ ಹಮ್ಮನ ಕೈ ತುಸು ನಡುಗುತ್ತಿತ್ತು, ನಿಜ. ಆದರೆ ಅವನು ಹೋದಲ್ಲೆಲ್ಲ ಇನ್ನೊಂದು ಕೈ ಮೊದಲೇ ಆಡಿ ಹೋಗಿರುತ್ತಿತ್ತು. ಅಪ್ಪನ ಕಾಲದಿಂದ ಕಲಾಯಿ ಹಾಕಿಕೊಂಡು ಬಂದ ಮನೆಗಳು! ಹೀಗೇ ಆದರೆ ಬೆಂಕಿ ಹೂಡಲು ಒಂದು ಅಂಗಳವೂ ಉಳಿಯದು.

ಮನೆಗಳಷ್ಟೇ ಹೋಗಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಪೆಟ್ಟಿಗೆಯಲ್ಲಿ ತವರದ ಕಡ್ಡಿಯೂ ಸವೆಯುತ್ತಿತ್ತು. ಆ ಪೆಟ್ಟಿಗೆ ಮುಟ್ಟುವವರು ಇಬ್ಬರೇ: ಅವನು, ಮತ್ತು ಇಷ್ಟು ವರ್ಷ ತಿದಿ ಒತ್ತುತ್ತ ಅವನೊಡನೆ ಊರೂರು ತಿರುಗಿದ ಹೆಂಡತಿ ಸೋಮಿ. ಅವಳೋ ಈಚೆಗೆ ಅಬ್ಬಲಿಗೆ ಮುಡಿದು, ಅಕ್ಕನಿಗೆ ತೆಂಗಿನಕಾಯಿ ಎಂದು ದೊಡ್ಡ ಚೀಲ ಹೊತ್ತು, ಕುಮಟೆಗೆ ಹೊರಡುತ್ತಾಳೆ. ಬರುವಾಗ ಮುಖದಲ್ಲಿ ಹೊಸ ನಗು.

ಯಾವನಿಗೋ ತವರ ಕೊಡುತ್ತಿದ್ದಾಳೆ. ಮನೆಗಳ ದಾರಿ ಹೇಳಿಕೊಡುತ್ತಿದ್ದಾಳೆ. ಇನ್ನೇನೇನು ಕೊಡುತ್ತಿದ್ದಾಳೋ!

ಬುಧವಾರ ಸೋಮಿ ಕುಮಟೆ ಬಸ್ಸಿಗೆ ಕೈ ಮಾಡಲಿಲ್ಲ, ಭಟ್ಕಳದ್ದು ಹತ್ತಿದಳು. ಹಮ್ಮ ಬಾವನ ಬೈಕ್ ತೆಗೆದು ಬಸ್ಸಿನ ಬೆನ್ನು ಹತ್ತಿದ.

ಭಟ್ಕಳದ ಪಕ್ಕದ ಜಾಲಿ ಊರು. ಗಿರಾಕಿ ವನಮಾಲಾಳ ಹಿತ್ತಲಲ್ಲಿ ಹೊಗೆ. ಹೊಗೆಯ ನಡುವೆ ಬೆಂಕಿಯೆದುರು ಕುಕ್ಕರಗಾಲಲ್ಲಿ ಕೂತ ಗಂಡಸಿನ ಬೆನ್ನು. ಆಚೆಯಿಂದ ಸೋಮಿಯ ನಗು. ಹಮ್ಮ ಬೇಲಿಯ ಗೂಟ ಕಿತ್ತುಕೊಂಡು ನುಗ್ಗಿದ.

"ಯಾವನೋ ನೀನು, ನನ್ನ ಮನೆ ಹಾಳು ಮಾಡಿದವ!"

ಬೆನ್ನು ತಿರುಗಿತು. ವನಮಾಲಾಳ ಗಂಡ ಮಾಬ್ಲ. ಬೆವರಲ್ಲಿ ಮಿಂದಿದ್ದ. ಎರಡೂ ಕೈ ಒಂದು ಹಳೆಯ ತಿದಿಯ ಮೇಲೆ. ಪಕ್ಕದಲ್ಲಿ ಸೋಮಿಯ ತೆಂಗಿನಕಾಯಿ ಚೀಲ ಖಾಲಿ ಬಿದ್ದಿತ್ತು.

"ಚಲೋ ಹೊತ್ತಿಗೆ ಬಂದೆ ಮಾರಾಯ! ನಿನ್ನ ಹೆಂಡ್ತಿ ಬೆಳಗಿಂದ ನನ್ನ ಜೀವ ತೆಗೀತಿದ್ಲು."

ಕಾದ ಹಂಡೆಯೊಳಗೆ ಹತ್ತಿಯುಂಡೆ ಆಡಿಸುತ್ತಿದ್ದವಳು ಸೋಮಿ. ಅವಳ ಕೈ ಹೋದಲ್ಲೆಲ್ಲ ತವರ ಬೆಳ್ಳಿಯಂತೆ ಹರಿಯುತ್ತಿತ್ತು.

"ಹೆಂಗಸ್ರ ಕೈಗೆ ತವರ ಹತ್ತೂದಿಲ್ಲ ಅಂತಿದ್ರಿ," ಎಂದಳು, ತಲೆ ಎತ್ತದೆ. "ಕೇಳಿದ್ರೆ ಬಿಡ್ತಿದ್ರಾ? ನಿಮ್ಮ ಕೈ ನಡುಗ್ತದೆ ಅಂತ ನಮ್ಮ ಮನೆಗಳು ಕಂಡವರ ಪಾಲಾಗೂದು ನೋಡ್ತಾ ಕೂರ್ಲಾ?"

"ನನಗೆ ಒಂದು ಮಾತು..."

"ಮಾತು ಆಮೇಲೆ. ಹಂಡೆ ತಣೀತು."

ಹಮ್ಮನ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. ಗೂಟವನ್ನು ಬೆಂಕಿಗೆ ಹಾಕಿದ. ಮಾಬ್ಲನನ್ನು ಎಬ್ಬಿಸಿ, ತಿದಿ ಒತ್ತಲು ಕೂತ.